ಅಬಿಸಿನಿಯಾ ಸುಂಕ

ತೊಂಬತ್ಮೂರನೇ ಇಸವಿಯ ಚಳಿಗಾಲದಲ್ಲಿ ಉದಿನೆಯಿಂದ ಆಸ್ಟ್ರಿಯಾ ಗಡಿಯವರೆಗಿನ ಪೆಟ್ರೋಲ್ ಬಂಕಿನವರೆಲ್ಲ ಸೇರಿ ರೋಮಿನ ಸರ್ಕಾರಕ್ಕೊಂದು ಅರ್ಜಿ ಬರೆದರು. ಎಲ್ಲರೂ ಸಹಿ ಹಾಕಿದರು. ನಮ್ಮೂರಿನ ಎಲ್ದಾ ಲೊಂದೇರೊ ಒಬ್ಬಳು ಹಾಕಲಿಲ್ಲ.

ಅರ್ಜಿಯಲ್ಲಿ ತಲೆಹೋಗುವಂಥದ್ದೇನೂ ಇರಲಿಲ್ಲ. ಮೂವತ್ತೈದರಲ್ಲಿ ಅಬಿಸಿನಿಯಾ ಯುದ್ಧದ ಖರ್ಚಿಗೆಂದು ಪೆಟ್ರೋಲಿನ ಮೇಲೆ ಲೀಟರಿಗೆ ಒಂದು ಲೀರಾ ತೊಂಬತ್ತು ಕಾಸು ಸುಂಕ ಹಾಕಿದಿರಿ, ತಾತ್ಕಾಲಿಕ ಎಂದಿರಿ, ಆ ಯುದ್ಧ ಮುಗಿಯಿತು, ಅದನ್ನು ಹೂಡಿದವನೂ ಸತ್ತ, ಗೆದ್ದ ನೆಲವೂ ಕೈಬಿಟ್ಟು ಹೋಯಿತು, ಇನ್ನಾದರೂ ಸುಂಕ ತೆಗೆಯಿರಿ ಸ್ವಾಮಿ, ಎಂದಿತ್ತು. ಅಷ್ಟೇ. ಎರಡು ದಿನಕ್ಕೆಂದು ಬಂದ ನೆಂಟ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಸಹಿ ಹಾಕಿಸಲು ಬಂದವನು ಸೆರ್ಜೊ. ಜೆಮೋನಾದಲ್ಲಿ ಅವನದೂ ಒಂದು ಬಂಕು, ಬಂಕಿನವರ ಸಂಘಕ್ಕೆ ಅವನೇ ಕಾರ್ಯದರ್ಶಿ. ಆ ಹೊತ್ತಿಗೆ ಹಾಲಿನ ಲಾರಿ ಓಡಿಸುವ ಬೇಪೊ ಕೂಡ ಡೀಸೆಲ್ ಹಾಕಿಸುತ್ತ ನಿಂತಿದ್ದ. ಬೇಪೊ ಎಂದರೆ ಸುಮ್ಮನಿರಲು ಬಾರದ ಮನುಷ್ಯ.

"ಎಲ್ದಾ, ಎಲ್ರದ್ದೂ ಆಯ್ತು. ನಿಂದೊಂದೇ ಬಾಕಿ," ಎಂದ ಸೆರ್ಜೊ.

"ನಾನು ಹಾಕಲ್ಲ."

"ಯಾಕಂತೆ? ರೋಮಿನೋರು ನಿನ್ನ ಚಿಕ್ಕಪ್ಪನ ಮಕ್ಕಳಾ?"

"ಆ ಸುಂಕ ಇರ್ಲಿ."

"ಇರ್ಲಿ ಅಂದ್ರೆ! ಐವತ್ತೆಂಟು ವರ್ಷ ಆಯ್ತು ಕಣೇ!"

"ಇರ್ಲಿ ಅಂದ್ನಲ್ಲ. ಕಾಫಿ ಮಾಡ್ಲಾ ನಿಂಗೆ?"

ಬೇಪೊ ಲಾರಿಗೆ ಒರಗಿಕೊಂಡು ಹಲ್ಲು ಕಿರಿದ. "ಸೆರ್ಜೊ, ನಿಂಗೆ ಗೊತ್ತಿಲ್ಲ, ಇವಳು ಇನ್ನೂ ಯುದ್ಧ ಮಾಡ್ತಿದಾಳೆ. ದಿನಾ ಕೇಳ್ತೀನಿ ನಾನು, ಅಬಿಸಿನಿಯಾ ಗೆದ್ದಾಯ್ತಾ ಅಂತ. ಇನ್ನೂ ಇಲ್ವಂತೆ."

"ನಿನ್ನ ಅಡುಗೆಮನೆ ಗೋಡೆ ನಿಂತಿರೋದೂ ಪೆಟ್ರೋಲ್ ಸುಂಕದ ಮೇಲೇನೇ. ಬಾಯಿ ಮುಚ್ಕೊಂಡು ದುಡ್ಡು ಕೊಡು," ಎಂದಳು ಎಲ್ದಾ.

ಅದು ಸುಳ್ಳಲ್ಲ. ಎಪ್ಪತ್ತಾರರ ಮೇ ತಿಂಗಳ ಭೂಕಂಪದಲ್ಲಿ ನಮ್ಮೂರು ನೆಲಸಮವಾದಾಗ ಪೆಟ್ರೋಲಿನ ಮೇಲೆ ಇನ್ನೊಂದು ಸುಂಕ ಬಿತ್ತು. ಆ ದುಡ್ಡು ಬಂತು ಕೂಡ. ನಾವು ಬಿದ್ದ ಕಲ್ಲುಗಳಿಗೇ ನಂಬರು ಬರೆದು, ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಚರ್ಚು ಕಟ್ಟಿದೆವು, ಮನೆ ಕಟ್ಟಿದೆವು. ಈ ದೇಶದಲ್ಲಿ ಇಂಥ ಕಾರಣಕ್ಕೆಂದು ವಸೂಲು ಮಾಡಿದ ದುಡ್ಡು ಅದೇ ಕಾರಣಕ್ಕೆ ಖರ್ಚಾದದ್ದನ್ನು ಕಣ್ಣಾರೆ ಕಂಡವರು ನಾವೊಬ್ಬರೇ ಇರಬೇಕು. ಎಲ್ದಾಳ ತಲೆ ಪೂರ್ತಿ ಕೆಟ್ಟದ್ದೂ ಅದರಿಂದಲೇ. ಬೇರೆ ಊರಿನವಳಾಗಿದ್ದರೆ ಅವಳಿಗೆ ಸರ್ಕಾರದ ಮೇಲೆ ಅಷ್ಟು ನಂಬಿಕೆ ಎಲ್ಲಿಂದ ಬರುತ್ತಿತ್ತು?

ಅವಳಪ್ಪ ಗುವೆರೀನೊ ಗಾರೆ ಕೆಲಸದವನು. ನಮ್ಮ ಕಡೆಯ ಗಂಡಸರು ಮೊದಲಿಂದಲೂ ಕಂಡವರ ದೇಶದಲ್ಲಿ ರಸ್ತೆ ಹಾಕಿ, ಸೇತುವೆ ಕಟ್ಟಿ ಬದುಕಿದವರು. ಮೂವತ್ತೈದರ ಶರತ್ಕಾಲದಲ್ಲಿ ಅಬಿಸಿನಿಯಾದಲ್ಲಿ ಸೈನ್ಯಕ್ಕೆ ರಸ್ತೆ ಹಾಕಬೇಕು, ಕೂಲಿ ಎರಡರಷ್ಟು ಎಂದಾಗ ಗುವೆರೀನೊ ಹೊರಟ. ಅವನಿಗೆ ಸಾಮ್ರಾಜ್ಯವೂ ಬೇಕಿರಲಿಲ್ಲ, ಪದಕವೂ ಬೇಕಿರಲಿಲ್ಲ. ಮನೆಯ ಚಾವಣಿ ಸೋರುತ್ತಿತ್ತು. ನಾಲ್ಕು ವರ್ಷದ ಎಲ್ದಾಳನ್ನು ಸ್ಟೇಷನ್ನಿನಲ್ಲಿ ಎತ್ತಿಕೊಂಡು, ಗಡ್ಡ ಕೆನ್ನೆಗೆ ಉಜ್ಜಿ, ಇಳಿಸಿ, ರೈಲು ಹತ್ತಿದ. ಎರಡು ಕಾಗದ ಬರೆದ. ಮೂರನೆಯದು ಬೇರೆಯವರ ಕೈಬರಹದಲ್ಲಿ ಬಂತು. ಗುವೆರೀನೊ ಲೊಂದೇರೊ ತೆಂಬಿಯೆನ್ ಬೆಟ್ಟಗಳ ಹತ್ತಿರ ಮೃತನಾಗಿದ್ದಾನೆ, ಅಲ್ಲೇ ಹೂಳಲಾಗಿದೆ, ಈ ಯುದ್ಧದ ಲೆಕ್ಕ ಮುಚ್ಚುವುದರೊಳಗೆ ಅವಶೇಷಗಳನ್ನು ಸರ್ಕಾರದ ಖರ್ಚಿನಲ್ಲಿ ಊರಿಗೆ ತಲುಪಿಸಲಾಗುವುದು.

ಎಲ್ದಾಳ ತಾಯಿ ಆ ಕಾಗದವನ್ನು ಹಿಡಿದು ಕುಳಿತಳು. ವರ್ಷ ಕಳೆದವು, ಇನ್ನೊಂದು ದೊಡ್ಡ ಯುದ್ಧ ಬಂತು, ಹೋಯಿತು, ರಾಜ ಹೋದ, ಗಣರಾಜ್ಯ ಬಂತು. ಗುವೆರೀನೊ ಬರಲಿಲ್ಲ. ಯಾರಾದರೂ, ಬಿಟ್ಟುಬಿಡಮ್ಮ, ಇನ್ನು ಬರೋದಿಲ್ಲ, ಎಂದರೆ ಅವಳದೊಂದೇ ಉತ್ತರ: "ಪೆಟ್ರೋಲಿನ ಮೇಲೆ ಅಬಿಸಿನಿಯಾ ದುಡ್ಡು ಇನ್ನೂ ತಗೋತಿದಾರಲ್ಲ? ಹಂಗಾದ್ರೆ ಲೆಕ್ಕ ಇನ್ನೂ ಮುಚ್ಚಿಲ್ಲ. ತರ್ತಾರೆ." ಪಾಪ, ಅವಳ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ. ಆದರೆ ಪೆಟ್ರೋಲಿನ ಸುಂಕ ಇದೆಯೋ ಇಲ್ಲವೋ ಎಂದು ಪಾದ್ರಿಯ ಹತ್ತಿರ ಹೋಗಿ ಪತ್ರಿಕೆ ಓದಿಸಿ ಕೇಳಿಕೊಂಡು ಬರುತ್ತಿದ್ದಳು.

ಎಲ್ದಾ ದೊಡ್ಡವಳಾದಳು. ಚೆಲುವೆ. ಅವಳನ್ನು ಕೇಳಿಕೊಂಡು ಬಂದವರಲ್ಲಿ ಸ್ವಂತ ದ್ರಾಕ್ಷಿ ತೋಟದವನಿದ್ದ, ರೈಲ್ವೆ ನೌಕರನಿದ್ದ. ಎಲ್ಲರನ್ನೂ ಬಿಟ್ಟು ಅವಳು ತಾರ್ಚೀಸಿಯೊನನ್ನು ಒಪ್ಪಿದಳು. ದೊಡ್ಡ ಕಿವಿ, ದಿನಕ್ಕೆ ನಾಲ್ಕು ಮಾತು, ಗಡಿಗೆ ಹೋಗುವ ಹಳೆಯ ರಸ್ತೆಯಲ್ಲಿ ಒಂಟಿ ಪಂಪಿನ ಬಂಕು. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು. ಆಮೇಲೆ ಎಷ್ಟೋ ವರ್ಷಕ್ಕೆ ಅವಳೇ ಹೇಳಿದಳು, "ಒಂದೊಂದು ಲೀಟರ್ ಹಾಕ್ದಾಗ್ಲೂ ಅಪ್ಪನ್ನ ಒಂದು ಗೇಣು ಈ ಕಡೆ ಎಳ್ಕೊಂಡ ಹಾಗಾಗೋದು." ತಾರ್ಚೀಸಿಯೊ ಒಳ್ಳೆಯವನು, ಆ ಮಾತು ಕೇಳಿ ನಗಲಿಲ್ಲ. ಅವನು ಸತ್ತ ಮೇಲೆ ಬಂಕನ್ನು ಅವಳೊಬ್ಬಳೇ ನಡೆಸಿದಳು.

ಪ್ರತಿ ನವೆಂಬರಿನಲ್ಲಿ, ಸತ್ತವರ ದಿನ ಸ್ಮಶಾನಕ್ಕೆ ಹೂವಿಟ್ಟು ಬಂದ ಮೇಲೆ, ಎಲ್ದಾ ರೋಮಿಗೆ ಒಂದು ಕಾಗದ ಬರೆಯುತ್ತಿದ್ದಳು. ಈ ವರ್ಷ ನನ್ನ ಬಂಕಿನಿಂದ ಇಷ್ಟು ಲೀಟರ್ ಹೋಯಿತು, ಅದರಲ್ಲಿ ಅಬಿಸಿನಿಯಾದ ಬಾಬತ್ತು ಇಷ್ಟು, ನನ್ನ ತಂದೆಯನ್ನು ಯಾವಾಗ ಕಳಿಸುತ್ತೀರಿ? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ನಿಮ್ಮ ಪತ್ರ ತಲುಪಿದೆ ಎಂಬ ಅಚ್ಚಾದ ಚೀಟಿ ಬರುತ್ತಿತ್ತು, ಕೆಲವು ವರ್ಷ ಅದೂ ಇಲ್ಲ. ಭೂಕಂಪದಲ್ಲಿ ತೊಲೆ ಬಿದ್ದು ತಾಯಿ ಸತ್ತಾಗ ಎಲ್ದಾ ಅವಳ ಪಕ್ಕದ ಜಾಗವನ್ನು ಖಾಲಿ ಬಿಡಿಸಿದಳು. ಭೂಕಂಪಕ್ಕೆಂದು ಸುಂಕ ಹಾಕಿದರು, ಮನೆ ಎದ್ದು ನಿಂತಿತು. ಅಬಿಸಿನಿಯಾಕ್ಕೆಂದು ಸುಂಕ ಹಾಕಿದ್ದಾರೆ, ಅಪ್ಪ ಬರುತ್ತಾನೆ. ತಡ, ಅಷ್ಟೇ. ಇಂಥವಳ ಹತ್ತಿರ ಸೆರ್ಜೊ ಅರ್ಜಿ ಹಿಡಿದುಕೊಂಡು ಬಂದಿದ್ದ. ಸುಂಕ ತೆಗೆಯಿರಿ ಎಂದು ಬರೆದುಕೊಡುವುದೂ ಒಂದೇ, ನಮ್ಮಪ್ಪ ಅಲ್ಲೇ ಬಿದ್ದಿರಲಿ ಎಂದು ಬರೆದುಕೊಡುವುದೂ ಒಂದೇ. ಹೇಗೆ ಹಾಕುತ್ತಾಳೆ ಸಹಿ?

ಸೆರ್ಜೊ ಕಾಫಿ ಕುಡಿದು, ಹೋಗುವಾಗ ಪೆಟ್ರೋಲಿನ ಮೇಲಿರುವ ಸುಂಕಗಳ ಪಟ್ಟಿಯೊಂದನ್ನು ಬಂಕಿನ ಗೋಡೆಗೆ ಅಂಟಿಸಿ ಹೋದ. ಮೊದಲ ಸಾಲಿನಲ್ಲೇ ಅಬಿಸಿನಿಯಾ ಯುದ್ಧ, ಕೆಳಗೆ ಸೂಯೆಜ್, ಅಣೆಕಟ್ಟಿನ ದುರಂತ, ಫ್ಲಾರೆನ್ಸಿನ ಪ್ರವಾಹ, ನಮ್ಮ ಭೂಕಂಪ. ಎಲ್ದಾ ಅದನ್ನು ಹರಿಯಲಿಲ್ಲ. ಅಪ್ಪನ ಯುದ್ಧದ ಹೆಸರು ಅಚ್ಚಿನಲ್ಲಿ ಇನ್ನೆಲ್ಲಿ ನೋಡಲು ಸಿಗುತ್ತದೆ?

ತೊಂಬತ್ತೈದರ ಜೂನ್ ತಿಂಗಳಲ್ಲಿ ಒಂದು ಹಳೆಯ ಬಿಳಿ ಫಿಯಾಟ್ ಬಂದು ನಿಂತಿತು. ಇಳಿದವಳು ಮೂವತ್ತರ ಒಳಗಿನ ಕಪ್ಪು ಹುಡುಗಿ. ಜೆಮೋನಾದ ಆಸ್ಪತ್ರೆಯಲ್ಲಿ ನರ್ಸು, ಹೆಸರು ಅಲ್ಗಾನೆಷ್. ಇಪ್ಪತ್ತು ಲೀಟರ್ ಎಂದಳು. ಎಲ್ದಾ ಹಾಕತೊಡಗಿದಳು. ಹುಡುಗಿ ಗೋಡೆಯ ಪಟ್ಟಿ ಓದುತ್ತ ನಿಂತಳು.

"ಸಿಯೋರಾ, ಇದು ನಿಜಾನಾ? ಈ ಅಬಿಸಿನಿಯಾದ್ದು?"

"ನಿಜ ಮಗಳೇ. ಯಾಕೆ?"

"ನಾನು ಅಲ್ಲಿಯೋಳು."

ಎಲ್ದಾಳ ಕೈ ಜಾರಿ ಪೆಟ್ರೋಲ್ ಚಪ್ಪಲಿಯ ಮೇಲೆ ಚೆಲ್ಲಿತು. ಅರುವತ್ತು ವರ್ಷ ಆ ದೇಶದ ಹೆಸರನ್ನು ಜಪಿಸಿದವಳು ಅಲ್ಲಿಯ ಒಬ್ಬ ಮನುಷ್ಯನನ್ನೂ ಕಂಡಿರಲಿಲ್ಲ.

"ಅಲ್ಲಿ ನಮ್ಮಪ್ಪ ಇದಾರೆ," ಎಂದಳು, ನೌಕರಿಗೆ ಹೋದವರ ಬಗ್ಗೆ ಹೇಳುವ ಹಾಗೆ. "ತೆಂಬಿಯೆನ್ ಅಂತ. ಬೆಟ್ಟ ಇದಾವಂತೆ."

ಹುಡುಗಿ ಪಟ್ಟಿಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದಳು. "ನಮ್ಮಜ್ಜಿ ಊರು ಆ ಕಡೆನೇ," ಎಂದಳು.

ಎಲ್ದಾ ಪಂಪಿಗೆ ಬೀಗ ಹಾಕಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಕಾಫಿ ಇಟ್ಟಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು: ಸ್ಟೇಷನ್ನು, ಕಾಗದ, ಅಮ್ಮ, ಸುಂಕ. ಆಮೇಲೆ ಕೇಳಿದಳು, "ನೀನು ಊರಿಗೆ ಹೋದ್ರೆ ಸ್ವಲ್ಪ ವಿಚಾರಿಸ್ತೀಯಾ? ಗಾರೆ ಕೆಲಸದೋರು. ರಸ್ತೆ ಹಾಕೋಕೆ ಬಂದಿದ್ರು."

"ರಸ್ತೆ ಗೊತ್ತು," ಎಂದಳು ಅಲ್ಗಾನೆಷ್. "ಈಗ್ಲೂ ಇದೆ. ಗಟ್ಟಿಯಾಗಿ ಹಾಕಿದಾರೆ."

ಎಲ್ದಾಳ ಮುಖ ಅರಳಿತು. ಅದನ್ನು ನೋಡಿ ಹುಡುಗಿಗೆ ಮುಂದಿನದನ್ನು ಹೇಳಲೋ ಬೇಡವೋ ಎನಿಸಿರಬೇಕು. ಕಾಫಿಯನ್ನು ತಿರುವಿದಳು, ತಿರುವಿದಳು, ಕೊನೆಗೆ ಹೇಳಿದಳು.

"ಸಿಯೋರಾ, ನಮ್ಮಜ್ಜಿಗೆ ಮೂರು ಜನ ಅಣ್ಣಂದಿರು. ಗೆಬ್ರು, ಹೈಲು, ತೆಸ್ಫಾಯ್. ಆ ರಸ್ತೆ ಮೇಲೆ ನಿಮ್ಮ ಲಾರಿಗಳು ಬಂದ್ವು. ಮೇಲಿಂದ ವಿಮಾನ ಬಂತು. ಬಾಂಬಲ್ಲ, ಸೋನೆ ಮಳೆ ತರ ಏನೋ ಸುರಿದ್ರಂತೆ. ಮೈಯೆಲ್ಲ ಸುಟ್ಟು ಬೊಬ್ಬೆ ಎದ್ದು ಮೂರೂ ಜನ ಹೋದ್ರು. ಅಜ್ಜಿಗೆ ಒಂಬತ್ತು ವರ್ಷ. ಅವರನ್ನ ಮುಟ್ಟಿದೋರ ಕೈನೂ ಸುಡ್ತಿತ್ತಂತೆ, ಹೂಳೋಕೂ ಆಗ್ಲಿಲ್ಲ. ಸಾಯೋವರ್ಗೂ ಅವಳು ಮೈಮೇಲೆ ಒಂದು ಹನಿ ಮಳೆ ಬಿದ್ರೂ ಸೆರಗಲ್ಲಿ ಒರೆಸ್ಕೊಳ್ಳೋಳು."

ಎಲ್ದಾ ಬಾಯಿಗೆ ಬಂದದ್ದನ್ನು ಕೇಳಿದಳು. "ಅವಳಿಗೆ ಯಾರೂ ಕಾಗದ ಕಳಿಸ್ಲಿಲ್ವಾ? ಸರ್ಕಾರದೋರು?"

"ಯಾರ ಸರ್ಕಾರ, ಸಿಯೋರಾ?"

ಹೊರಗೆ ಯಾರೋ ಹಾರ್ನ್ ಹೊಡೆದರು. ಎಲ್ದಾ ಏಳಲಿಲ್ಲ. ಅಲ್ಗಾನೆಷ್ ತೆರೆದ ಬಾಗಿಲಿನಿಂದ ಗೋಡೆಯ ಪಟ್ಟಿಯ ಕಡೆ ನೋಡಿದಳು.

"ಈ ದೇಶದಲ್ಲಿ ಆರು ವರ್ಷದಿಂದ ಗಾಡಿ ಓಡಿಸ್ತಿದೀನಿ," ಎಂದಳು. "ಹಂಗಾದ್ರೆ ನಾನೂ ಕಟ್ತಾ ಬಂದಿದೀನಿ. ಅಣ್ಣಂದಿರನ್ನ ಕೊಂದ ಖರ್ಚಿಗೆ ಮೊಮ್ಮಗಳು ಕಂತು ಕಟ್ತಿದಾಳೆ ಅಂತ ಗೊತ್ತಾಗಿದ್ರೆ ಅಜ್ಜಿ ನಗ್ತಿದ್ಲೋ ಏನೋ. ಅವಳು ಹಂಗೇ, ಅಳೋ ಕಡೆ ನಗೋಳು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಲ್ದಾ ತಡೆದುಕೊಳ್ಳುತ್ತಿದ್ದಳು.

ಆ ಬೇಸಿಗೆ ಎಲ್ದಾ ಬಂಕು ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ಆದರೆ ಬೇಪೊನ ಕೊಂಕಿಗೆ ಉತ್ತರ ಕೊಡುವುದನ್ನು ಬಿಟ್ಟಳು. ಮಧ್ಯಾಹ್ನ ಮೆಕ್ಕೆಜೋಳದ ಪೊಲೆಂತಾ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಅಪ್ಪ ಒಳ್ಳೆಯವನು, ಅದರಲ್ಲಿ ಅನುಮಾನವಿಲ್ಲ. ಅಪ್ಪ ಹಾಕಿದ ರಸ್ತೆ ಗಟ್ಟಿ, ಅದರಲ್ಲೂ ಅನುಮಾನವಿಲ್ಲ. ಆ ಗಟ್ಟಿ ರಸ್ತೆಯ ಮೇಲೆಯೇ ಆ ಲಾರಿಗಳು ಹೋದವು. ಇಷ್ಟು ವರ್ಷ ತಾನು ಅಪ್ಪ ಬರಲಿ ಎಂದು ಹರಕೆ ಹೊತ್ತೆ ಎಂದುಕೊಂಡಿದ್ದಳು. ಈಗ ನೋಡಿದರೆ ಆ ಯುದ್ಧ ಮುಗಿಯದಿರಲಿ ಎಂದು ಹರಕೆ ಹೊತ್ತ ಹಾಗಾಗಿತ್ತು. ಅವಳಿಗೆ ನಾಚಿಕೆಯಾಯಿತು. ಅಪ್ಪನನ್ನು ಬಿಟ್ಟುಕೊಡಲೂ ಮನಸ್ಸು ಬರಲಿಲ್ಲ. ಎರಡರ ನಡುವೆ ನಾಲ್ಕು ತಿಂಗಳು ಒದ್ದಾಡಿದಳು, ಬಡಪಾಯಿ.

ನವೆಂಬರಿನಲ್ಲಿ ಸತ್ತವರ ದಿನ ಕಳೆಯಿತು. ಆ ವರ್ಷ ರೋಮಿಗೆ ಕಾಗದ ಹೋಗಲಿಲ್ಲ. ಮರುದಿನ ಎಲ್ದಾ ಭಾನುವಾರದ ಕೋಟು ಹಾಕಿಕೊಂಡು ಬಸ್ಸು ಹತ್ತಿ ಜೆಮೋನಾಕ್ಕೆ ಸೆರ್ಜೊನ ಬಂಕಿಗೆ ಹೋದಳು.

"ಅರ್ಜಿ ತೆಗಿ. ಸಹಿ ಹಾಕ್ತೀನಿ."

ಸೆರ್ಜೊ ಅವಳನ್ನೇ ನೋಡಿದ. "ಈಗಾ? ಎಲ್ದಾ, ಪೂಜೆ ಮುಗಿದು ಪಾದ್ರಿ ಮನೆಗೆ ಹೋದ ಮೇಲೆ ಬಂದ್ಯಲ್ಲ! ಆ ಸುಂಕ ಈಗ ಇಲ್ಲ."

"ತೆಗೆದ್ರಾ?"

"ತೆಗೀತಾರಾ ಅವರು! ಹೆಸರು ತೆಗೆದ್ರು. ಅಬಿಸಿನಿಯಾ, ಸೂಯೆಜ್, ಪ್ರವಾಹ, ನಮ್ಮ ಭೂಕಂಪ, ಎಲ್ಲಾನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ರು. ಹೊಸ ಕಾನೂನು. ಈಗ ಪೆಟ್ರೋಲಿಗೆ ಒಂದೇ ಸುಂಕ, ಒಂದೇ ಮೊತ್ತ. ಯಾವ ಯುದ್ಧ, ಯಾರ ಯುದ್ಧ, ಒಂದೂ ಬರೆದಿಲ್ಲ."

"ಮತ್ತೆ ದುಡ್ಡು?"

"ನಿನ್ನ ಬಂಕಲ್ಲಿ ಬೆಲೆ ಕಮ್ಮಿ ಆಯ್ತಾ?"

"ಇಲ್ಲ."

"ಮತ್ತೆ ನನ್ನನ್ನೇನ್ ಕೇಳ್ತೀಯ?"

ಎಲ್ದಾ ಅಲ್ಲೇ ಇದ್ದ ಎಣ್ಣೆ ಡಬ್ಬದ ಮೇಲೆ ಕುಳಿತಳು. ಅಪ್ಪನನ್ನು ತನ್ನ ಕೈಯಾರೆ ಬಿಟ್ಟುಕೊಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ಅಪ್ಪನನ್ನೂ ಕಳಿಸಲಿಲ್ಲ, ಸುಂಕವನ್ನೂ ಬಿಡಲಿಲ್ಲ, ಹೆಸರನ್ನು ಮಾತ್ರ ಅಳಿಸಿ ಕೈ ತೊಳೆದುಕೊಂಡರು. "ಹಂಗಾದ್ರೆ ನಮ್ಮಪ್ಪನ ಲೆಕ್ಕ ಎಲ್ಲಿ ಹೋಯ್ತು, ಸೆರ್ಜೊ?" ಎಂದು ಕೇಳಿ ಜೋರಾಗಿ ಅತ್ತಳು. ಅರುವತ್ತನಾಲ್ಕು ವರ್ಷದ ಹೆಂಗಸು, ಗಂಡ ಸತ್ತಾಗಲೂ ಯಾರ ಮುಂದೆಯೂ ಅತ್ತವಳಲ್ಲ. ಸೆರ್ಜೊ ಪಂಪು ನಿಲ್ಲಿಸಿ, ಕೈ ಒರೆಸಿಕೊಂಡು, ಹಳೆಯ ಅರ್ಜಿಯ ಪ್ರತಿಯನ್ನು ಹುಡುಕಿ ತಂದ. ಅವಳು ಎಲ್ಲರ ಹೆಸರಿನ ಕೆಳಗೆ ಎಲ್ದಾ ಲೊಂದೇರೊ ಎಂದು ಬರೆದಳು.

ಅಲ್ಲಿಂದ ನೇರ ನಮ್ಮೂರಿನ ಪಾದ್ರಿ ದೋನ್ ಎರ್ಮೆಸ್ ಹತ್ತಿರ ಹೋದಳು.

"ದೋನ್ ಎರ್ಮೆಸ್, ಅಪ್ಪನಿಗೆ ಪೂಜೆ ಹೇಳ್ಬೇಕು. ಸತ್ತೋರ ಪೂಜೆ. ಗಂಟೆ ಸಮೇತ."

ಆ ಪೂಜೆಯನ್ನು ಅವಳ ತಾಯಿ ನಲವತ್ತು ವರ್ಷ ಹೇಳಿಸಿರಲಿಲ್ಲ. ಬರುವವನಿಗೆ ಸತ್ತವರ ಗಂಟೆ ಹೊಡೆಸುತ್ತಾರೆಯೇ? ಪಾದ್ರಿ ಅವಳ ಕೈ ಹಿಡಿದುಕೊಂಡರು. "ಹೇಳೋಣಮ್ಮ. ಶನಿವಾರ."

"ಇನ್ನೂ ಮೂರು ಹೆಸರಿದಾವೆ," ಎಂದು ಚೀಟಿ ಕೊಟ್ಟಳು.

ಪಾದ್ರಿ ಓದಿ ಕನ್ನಡಕ ಸರಿಮಾಡಿಕೊಂಡರು. "ಇವರು ನಮ್ಮ ಸಭೆಯೋರಲ್ವಲ್ಲಮ್ಮ."

"ಅವರ ಮೊಮ್ಮಗಳ ಹತ್ರ ಸುಂಕ ತಗೊಳ್ಳೋವಾಗ ಯಾವ ಸಭೆ ಅಂತ ಯಾರೂ ಕೇಳ್ಲಿಲ್ಲ, ದೋನ್ ಎರ್ಮೆಸ್."

ಪಾದ್ರಿ ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ನಮ್ಮಲ್ಲಿ ಸತ್ತವರಿಗೆ ಗಂಟೆ ಹೊಡೆಯುವುದಕ್ಕೆ ಒಂದು ಲೆಕ್ಕವಿದೆ. ಗಂಡಸಿಗೆ ಮೂರು, ಹೆಂಗಸಿಗೆ ಎರಡು. ಗಂಟೆ ಶುರುವಾದರೆ ಇಡೀ ಊರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎಣಿಸುತ್ತದೆ. ಶನಿವಾರ ಬೆಳಿಗ್ಗೆ ಬಾರಿನಲ್ಲಿ ಬೇಪೊ ಇಸ್ಪೀಟು ಹಿಡಿದು ಕೂತಿದ್ದ. ಮೂರು ಹೊಡೆಯಿತು. ಯಾರಪ್ಪ ಗಂಡಸು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸ್ವಲ್ಪ ಬಿಟ್ಟು ಮತ್ತೆ ಮೂರು. ಮತ್ತೆ ಮೂರು. ನಾಲ್ಕನೇ ಸಲ ಮೂರು ಹೊಡೆದಾಗ ಬೇಪೊ ಎದ್ದೇಬಿಟ್ಟ. "ಅಯ್ಯೋ ದೇವ್ರೇ, ನಾಲ್ಕು ಗಂಡಸ್ರು! ಬಸ್ಸೇನಾದ್ರೂ ಉರುಳ್ತಾ?" ಬಾರು ಖಾಲಿಯಾಯಿತು. ಅಡುಗೆಮನೆಗಳಿಂದ ಹೆಂಗಸರು ಏಪ್ರನ್ನಿನಲ್ಲೇ ಓಡಿಬಂದರು.

ಚರ್ಚಿನೊಳಗೆ ಶವಪೆಟ್ಟಿಗೆ ಒಂದೂ ಇರಲಿಲ್ಲ. ಮುಂದಿನ ಬೆಂಚಿನಲ್ಲಿ ಕಪ್ಪು ಬಟ್ಟೆಯ ಎಲ್ದಾ, ಅವಳ ಪಕ್ಕ ತಲೆಯ ಮೇಲೆ ಬಿಳಿ ಹತ್ತಿಯ ಹೊದಿಕೆ ಹೊದ್ದ ಅಲ್ಗಾನೆಷ್. ದೋನ್ ಎರ್ಮೆಸ್ ನಿಧಾನವಾಗಿ ಓದಿದರು: ಗುವೆರೀನೊ. ಗೆಬ್ರು. ಹೈಲು. ತೆಸ್ಫಾಯ್. ಓಡಿಬಂದವರು ಏದುಸಿರು ಬಿಡುತ್ತಲೇ ನಿಂತು, ಯಾರಿಗೆಂದು ತಿಳಿಯದೆಯೇ ಶಿಲುಬೆ ಗುರುತು ಮಾಡಿಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಬೇಪೊ ಮೆಲ್ಲಗೆ ಕೇಳಿದ. "ಯಾರೇ ಎಲ್ದಾ, ಆ ಮೂವರು?"

"ಅಬಿಸಿನಿಯಾದಲ್ಲಿ ನಮ್ಮೋರು ಕೊಂದೋರು. ಈ ಹುಡುಗಿ ಅಜ್ಜಿಯ ಅಣ್ಣಂದಿರು."

ಬೇಪೊ ಟೋಪಿ ತೆಗೆದ. ಮೂವತ್ತು ವರ್ಷ ದಿನವೂ ಅದೇ ಯುದ್ಧದ ಮೇಲೆ ಜೋಕು ಹೊಡೆದವನು ಅವತ್ತು ಅಲ್ಗಾನೆಷಳ ಕೈ ಹಿಡಿದು ಕುಲುಕಿ, ಮೆಟ್ಟಿಲಿಳಿದು ಹೋದ.

ಸೋಮವಾರ ಬೆಳಿಗ್ಗೆ ಅಲ್ಗಾನೆಷ್ ಡ್ಯೂಟಿಗೆ ಹೋಗುವ ಮುಂಚೆ ಬಂಕಿಗೆ ಬಂದಳು. ಇಪ್ಪತ್ತು ಲೀಟರ್ ಎಂದಳು. ಎಲ್ದಾ ಹಾಕಿದಳು. ಹುಡುಗಿ ನೋಟು ಮುಂದೆ ಹಿಡಿದಾಗ ಎಲ್ದಾಳ ಕೈ ಮೇಲೇಳಲಿಲ್ಲ.

"ತಗೊಳ್ಳಿ ಸಿಯೋರಾ. ನಿಮ್ಮದೇನಿದೆ ತಪ್ಪು," ಎಂದು ಅಲ್ಗಾನೆಷ್ ತಾನೇ ಅವಳ ಕೈ ಹಿಡಿದು, ನೋಟಿಟ್ಟು, ಬೆರಳು ಮಡಿಚಿದಳು.

"ಇದ್ರಲ್ಲಿ ಎಷ್ಟು ಅಬಿಸಿನಿಯಾಕ್ಕೆ ಹೋಗುತ್ತೆ ಅಂತ ಇಷ್ಟು ದಿನ ಕಾಸು ಲೆಕ್ಕದಲ್ಲಿ ಹೇಳ್ತಿದ್ದೆ ಮಗಳೇ," ಎಂದಳು ಎಲ್ದಾ. "ಇನ್ಮೇಲೆ ಅದನ್ನೂ ಹೇಳೋಕಾಗಲ್ಲ."